ಉಜ್ಜಿ ಉಜ್ಜಿ ಅಳಿಸಿದ ನಂಬರು

ಮೊನ್ನೆ ವಿಜಯವಾಡದಲ್ಲಿ ತಂಗಿಗೆ ಒಂದು ಮಿಕ್ಸಿ ಜಾರ್ ಕಳಿಸಲು ಕೊರಿಯರ್ ಅಂಗಡಿಗೆ ಹೋಗಿದ್ದೆ. ಕೌಂಟರಿನಾಕೆ ತಲೆಯೆತ್ತದೆ, "ಲೋಪಲ ಏಮುಂದಿ ಸಾರ್?" ಎಂದರು. ಒಳಗೇನಿದೆ ಎಂದು ಕೇಳುವುದು ಅವರ ಕೆಲಸ. ಬೆನ್ನ ಹಿಂದಿನ ಗೋಡೆಯಲ್ಲಿ, ಕಳಿಸಬಾರದ ವಸ್ತುಗಳ ಚಿತ್ರಪಟ್ಟಿ: ಗ್ಯಾಸ್ ಸಿಲಿಂಡರ್, ಪಟಾಕಿ, ತೆಂಗಿನಕಾಯಿ, ಇವುಗಳ ನಡುವೆ ಕೆಂಪು ಗೀಟು ಎಳೆದ ಒಂದು ಬಂದೂಕು. ತೆಂಗಿನಕಾಯಿ ಯಾಕೆ ಎಂದು ಕೇಳಿದೆ. "ಒಡೆದರೆ ಬೇರೆಯವರ ಪಾರ್ಸೆಲ್ಲೂ ನೆನೆಯುತ್ತೆ" ಎಂದು ತೆಲುಗಿನಲ್ಲೇ ಉತ್ತರ ಬಂತು. ಬಂದೂಕಿನ ಬಗ್ಗೆ ಕೇಳಲಿಲ್ಲ. ಅದರ ನಿಯಮ ನನಗೆ ಬಾಯಿಪಾಠ.

ಬಾಯಿಪಾಠವಾದದ್ದು ಹೊಟ್ಟೆಪಾಡಿಗೆ. ಅಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು, ವಾರಕ್ಕೊಮ್ಮೆ ಓದುಗರ ಕಾನೂನು ಸಂದೇಹಗಳಿಗೆ ಉತ್ತರ ಬರೆಯುತ್ತಿದ್ದವನು ನಾನು. ವಕೀಲನಲ್ಲ, ವಕೀಲರನ್ನು ಕೇಳಿ, ಅವರು ಹೇಳಿದ್ದನ್ನು ಅರ್ಧಕ್ಕಿಳಿಸುತ್ತಿದ್ದವನು. ಒಮ್ಮೆ ಬಂದೂಕಿನ ಪ್ರಶ್ನೆ ಬಂತು. ಉತ್ತರ ಸರಳವಾಗಿತ್ತು. ಖಾಸಗಿ ವ್ಯಕ್ತಿ ಬಂದೂಕನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಕೊರಿಯರಿನಲ್ಲಿ ಕಳಿಸುವಂತಿಲ್ಲ. ಬಂದೂಕಿನ ಕಾಗದ ಯಾರ ಹೆಸರಿನಲ್ಲಿದೆಯೋ ಅವರೇ ಜೊತೆಗಿಟ್ಟುಕೊಂಡು ಪ್ರಯಾಣ ಮಾಡಬೇಕು. ಅವರು ತೀರಿಕೊಂಡಿದ್ದರೆ ಮನೆಯವರು ತಡಮಾಡದೆ ಠಾಣೆಗೆ ಒಪ್ಪಿಸಬೇಕು. ಆಮೇಲೆ ಎರಡೂ ಊರಿನ ಅಧಿಕಾರಿಗಳ ಅನುಮತಿ ಪಡೆದು, ಪರವಾನಗಿ ಇರುವ ವ್ಯಾಪಾರಿಯ ಮೂಲಕ ಸಾಗಿಸಬೇಕು. ಇಷ್ಟು ಬರೆದೆ. ಕೊನೆಗೊಂದು ಪ್ಯಾರಾ ಇತ್ತು. ಪುಟದಲ್ಲಿ ಜಾಗ ಸಾಲದೆ ಅದನ್ನು ನಾನೇ ಕತ್ತರಿಸಿದೆ. ಕೊನೆಯಿಂದ ಕತ್ತರಿಸುವುದು ನಮ್ಮ ಕಸುಬಿನ ಮೊದಲ ಪಾಠ; ಮುಖ್ಯವಾದದ್ದು ಮೇಲೆಯೇ ಇರುತ್ತದೆ ಎಂಬ ನಂಬಿಕೆ.

ಪ್ರಶ್ನೆ ಕೇಳಿದ್ದು ಅಪರಿಚಿತರಲ್ಲ, ವಿಶಾಖಪಟ್ಟಣದ ಬೋಜಮ್ಮ.

ನಾನು ವಿಶಾಖಪಟ್ಟಣದಲ್ಲಿ ವರದಿಗಾರನಾಗಿದ್ದಾಗ ಬೋಜಮ್ಮನ ಗಂಡ ಪೊನ್ನಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಕೊಡಗಿನವರು. ಕನ್ನಡ ಮಾತಾಡುವ ಆಸೆಗೆ ಭಾನುವಾರ ಅವರ ಟೌನ್‌ಶಿಪ್ ಮನೆಗೆ ಹೋಗುತ್ತಿದ್ದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ಹೋಗುತ್ತಿದ್ದದ್ದು ಹಂದಿಕರಿ ಮತ್ತು ಅಕ್ಕಿತರಿಯ ಉಂಡೆ ಕಡಂಬುಟ್ಟಿಗೆ. ಗಂಡ ಹೆಂಡತಿ ತಮ್ಮೊಳಗೆ ಕೊಡವ ಭಾಷೆ, ನನ್ನೊಡನೆ ಕನ್ನಡ, ಬಾಗಿಲಿಗೆ ಬಂದವರೊಡನೆ ತೆಲುಗು. ಮೂರೂ ಬೆರೆತು ಬೋಜಮ್ಮನ ಕನ್ನಡಕ್ಕೆ, ನಮ್ಮ "ಅಲ್ವಾ" ಇರಬೇಕಾದ ಕಡೆ, ತೆಲುಗಿನ "ಕದಾ" ಅಂಟಿಕೊಂಡಿತ್ತು.

ಆ ಮನೆಯ ಗಾಡ್ರೇಜ್ ಬೀರುವಿನಲ್ಲಿ ಒಂಟಿ ನಳಿಗೆಯ ಒಂದು ಕೋವಿ ಇತ್ತು, ಪೊನ್ನಪ್ಪನ ಅಜ್ಜನದು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ. ವಿನಾಯಿತಿ ಪತ್ರವೊಂದಿದ್ದರೆ ಸಾಕು. ಪತ್ರ ಪೊನ್ನಪ್ಪನ ಹೆಸರಿನಲ್ಲಿತ್ತು, ಅದರೊಳಗೆ ಕೋವಿಯ ನಂಬರು. ಒಳ್ಳೆಯ ಸುದ್ದಿ ಸಿಕ್ಕಿತೆಂದು ನಾನು ನೋಟ್‌ಬುಕ್ ತೆಗೆದೆ, ಕೋವಿಗೂ ಕೈ ಚಾಚಿದೆ.

"ಪೆನ್ನು ಹಿಡಿಯೋ ಕೈಯಲ್ಲಿ ಅದನ್ನ ಮುಟ್ಟಬೇಡಿ ಮಾರಾಯ್ರೆ, ತುಕ್ಕು ಹಿಡೀತದೆ" ಎಂದರು ಪೊನ್ನಪ್ಪ.

"ಪೆನ್ನಿಗಾ, ಕೋವಿಗಾ?"

"ನಿಮ್ಮ ಪೆನ್ನಿಗೆ ಆಗಲೇ ಹಿಡಿದಿದೆ ಕದಾ" ಎಂದು ಅಡುಗೆಮನೆಯಿಂದ ಬೋಜಮ್ಮ.

ತುಕ್ಕಿನ ಮಾತು ತಮಾಷೆಯಲ್ಲ. ಸಮುದ್ರದ ಗಾಳಿಯಲ್ಲಿ ಕಿಟಕಿಯ ಸರಳು ವರ್ಷದೊಳಗೆ ಹೊಪ್ಪಳೆ ಏಳುವ ಊರು ಅದು. ಕೊಡವರ ಆಯುಧಪೂಜೆ ಕೈಲ್‌ಪೊಳ್ದ್. ಅದರ ಹಿಂದಿನ ದಿನ ಬೋಜಮ್ಮ ಬಾಲ್ಕನಿಯಲ್ಲಿ ಹಳೆಯ ಸೀರೆ ಹಾಸಿ, ಕೋವಿಯನ್ನು ಮಡಿಲಲ್ಲಿಟ್ಟುಕೊಂಡು, ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದರು. ಆಮೇಲೆ ತೆಂಗಿನೆಣ್ಣೆ, ಗಂಧ, ಹೂವು. ಪೂಜೆಗಿಟ್ಟ ಕಬ್ಬಿಣದಲ್ಲಿ ಮುಖ ಕಾಣಬೇಕು ಎಂಬುದು ಅವರ ಅತ್ತೆಯ ಕಟ್ಟಳೆ. ಕಾಣುತ್ತಿತ್ತು. ನಾನೇ ನೋಡಿ ಹೊಗಳಿದ್ದೇನೆ.

ನಾನು ವಿಜಯವಾಡಕ್ಕೆ ವರ್ಗವಾದೆ. ಪೊನ್ನಪ್ಪ ನಿವೃತ್ತರಾಗಿ ಸಿಂಹಾಚಲಂ ಕಡೆ ಫ್ಲ್ಯಾಟ್ ಕೊಂಡರು, ಅಲ್ಲಿಯೇ ತೀರಿಕೊಂಡರು. ಕೊಡವರ ಮನೆಯಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಊರಿಗೆ ಸುದ್ದಿ ಮುಟ್ಟುವುದು ಹಾಗೆ. ಐದನೆಯ ಮಹಡಿಯ ಫ್ಲ್ಯಾಟಿನಲ್ಲಿ ಯಾರು ಹಾರಿಸುತ್ತಾರೆ? ಸುದ್ದಿ ವಾಟ್ಸ್ಆ್ಯಪಿನಲ್ಲಿ ಹೋಯಿತು.

ಪೊನ್ನಪ್ಪನ ತಮ್ಮ ಅಪ್ಪಯ್ಯ ಮಡಿಕೇರಿಯಲ್ಲಿದ್ದರು. ವಾರಕ್ಕೆರಡು ಸಲ ಡಯಾಲಿಸಿಸ್, ಪ್ರಯಾಣ ಆಗದ ಮಾತು. ಅವರು ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದಿಷ್ಟು: "ಅಣ್ಣನಿಗೆ ಗುಂಡು ಆಗಲಿಲ್ಲ. ನನಗಾದ್ರೂ ಅವನ ಕೋವಿಯಲ್ಲೇ ಆಗಲಿ. ಬೇಗ ಕಳಿಸಿ ಅತ್ತಿಗೆ, ನಾನು ಹೆಚ್ಚು ದಿನ ಕಾಯೋನಲ್ಲ."

ಹೀಗೆ ಆ ಪ್ರಶ್ನೆ ನನ್ನಲ್ಲಿಗೆ ಬಂತು. ಬೋಜಮ್ಮ ನನ್ನ ಉತ್ತರವನ್ನು ಪತ್ರಿಕೆಯಿಂದ ಕತ್ತರಿಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ, ವಿನಾಯಿತಿ ಪತ್ರ, ಮರಣಪತ್ರ ಮತ್ತು ಕೋವಿಯ ಜೊತೆ ಠಾಣೆಗೆ ಹೋದರು. ಅದಕ್ಕೂ ಮೊದಲು ಫೋನ್ ಮಾಡಿ, "ಏನೂ ತೊಂದರೆ ಆಗಲ್ಲ ಕದಾ?" ಎಂದು ಕೇಳಿದ್ದರು. "ಕಾನೂನಿನ ಪ್ರಕಾರ ನಡೆಯುವವರಿಗೆ ಏನು ತೊಂದರೆ?" ಎಂದಿದ್ದೆ. ನನ್ನ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಮೂರ್ಖ ವಾಕ್ಯ ಅದು, ಅಚ್ಚಾಗಲಿಲ್ಲವೆಂಬುದೇ ಸಮಾಧಾನ.

ಠಾಣೆಯ ರೈಟರ್ ಸಭ್ಯ ಮನುಷ್ಯ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಕೋವಿಯನ್ನು ತಿರುಗಿಸಿ, ಕನ್ನಡಕ ಏರಿಸಿ, ಇಳಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರು.

"ಅಮ್ಮಾ, ನಂಬರ್ ಏದಿ?"

ನಂಬರು ಎಲ್ಲಿಯೂ ಇರಲಿಲ್ಲ. ಅಜ್ಜನ ಕಾಲದಲ್ಲಿ ಕೈಯಿಂದ ಒತ್ತಿದ ತೆಳುವಾದ ಅಂಕೆಗಳು. ವರ್ಷವರ್ಷವೂ ಉಪ್ಪುಕಾಗದ ಅವನ್ನು ಸವೆಸಿತ್ತು. ಅಲ್ಲಿ ಈಗ ಮುಖ ಕಾಣುತ್ತಿತ್ತು.

ನಾನು ಕತ್ತರಿಸಿದ ಪ್ಯಾರಾ ಇದೇ. ಬಂದೂಕಿನ ಗುರುತಿನ ಸಂಖ್ಯೆ ಅಳಿಸುವುದು ಅಪರಾಧ. ಅಳಿಸಿದ ಬಂದೂಕು ಯಾರ ಕೈಯಲ್ಲಿದೆಯೋ ಅವರೇ ಅಳಿಸಿದ್ದಾರೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಅವರೇ ಸಾಬೀತು ಮಾಡಬೇಕು. ನಂಬರು ಮಾಸಿದ್ದರೆ ಠಾಣೆಗೆ ಮೊದಲು ವಕೀಲರ ಬಳಿ ಹೋಗಿ ಎಂದು ಬರೆದಿದ್ದೆ. ವಿನಾಯಿತಿ ಇರುವುದು ಪರವಾನಗಿಗೆ, ನಂಬರಿಗಲ್ಲ.

"ಯಾರು ಅಳಿಸಿದ್ದು?" ಎಂದು ರೈಟರ್ ಕೇಳಿದಾಗ ಬೋಜಮ್ಮ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರಂತೆ: "ಅಳಿಸಿದ್ದಲ್ಲ ಅಂಡಿ, ಉಜ್ಜಿದ್ದು. ನಾನೇ. ಬೇರೆಯವರಿಗೆ ಬಿಡ್ತಿರಲಿಲ್ಲ." ಅದನ್ನು ಅವರು ಬರೆದುಕೊಂಡರು. ಬರೆದುಕೊಳ್ಳುವುದು ಅವರ ಕೆಲಸ.

ಕೋವಿ ಠಾಣೆಯಲ್ಲೇ ಉಳಿಯಿತು. ಮೊಕದ್ದಮೆಯಾಯಿತು. ಜಾಮೀನು ಸಿಕ್ಕಿತು, ಜಿಲ್ಲೆ ಬಿಟ್ಟು ಹೋಗಬಾರದೆಂಬ ಷರತ್ತಿನೊಡನೆ. ಅಪ್ಪಯ್ಯ ಹೇಳಿದಂತೆಯೇ ಹೆಚ್ಚು ದಿನ ಕಾಯಲಿಲ್ಲ. ಪಕ್ಕದ ಮನೆಯ ಕೋವಿ ತಂದು ಗುಂಡು ಹಾರಿಸಿದರು. ಬೋಜಮ್ಮ ಫೋನಿನಲ್ಲಿ ಕೇಳಿಸಿಕೊಂಡರು. "ಒಂದೇ ಕೇಳಿತು. ಇನ್ನೊಂದರ ಹೊತ್ತಿಗೆ ನೆಟ್‌ವರ್ಕ್ ಹೋಯ್ತು" ಎಂದರು ನನಗೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆಸಿಡ್ ಹಚ್ಚಿದರೆ ಸವೆದ ಅಂಕೆ ಮೇಲೆ ಬರಬಹುದೆಂದು ವಕೀಲರು ಹೇಳುತ್ತಾರೆ. ಪ್ರಯೋಗಾಲಯದ ವರದಿ ಬಂದಿಲ್ಲ. ಬಂದು, ನಂಬರು ಪತ್ರಕ್ಕೆ ಹೊಂದಿದರೂ ಯಾರು ಅಳಿಸಿದರೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಉತ್ತರ ಆಗಲೇ ದಾಖಲೆಯಲ್ಲಿದೆ. "ಕೋರ್ಟಿನಲ್ಲಿ ಮಾತ್ರ ಉಜ್ಜಿದೆ ಅನ್ನಬೇಡಿ, ಗೊತ್ತಿಲ್ಲ ಅನ್ನಿ" ಎಂದು ವಕೀಲರು ಅಂಗಲಾಚಿದ್ದಾರೆ. "ಪೂಜೆಗೆ ಮಾಡಿದ್ದನ್ನ ಗೊತ್ತಿಲ್ಲ ಅನ್ನೋಕಾಗುತ್ತಾ?" ಎಂಬುದು ಬೋಜಮ್ಮನ ಪ್ರಶ್ನೆ. ನನ್ನ ಅಂಕಣ ಈಗ ಬೇರೊಬ್ಬರು ಬರೆಯುತ್ತಾರೆ.

ಇವತ್ತು ವಾಯಿದೆ. ಬೆಳಗಿನ ರೈಲಿಗೆ ವಿಶಾಖಪಟ್ಟಣಕ್ಕೆ ಬಂದು, ಕೋರ್ಟಿನ ವರಾಂಡದ ಬೆಂಚಿನಲ್ಲಿ ಅವರ ಪಕ್ಕ ಕೂತಿದ್ದೇನೆ. ಮಾರುಕಟ್ಟೆಯ ತೆಲುಗು ಅವರಿಗೆ ನೀರು ಕುಡಿದಷ್ಟು ಸಲೀಸು; ಕೋರ್ಟಿನ ತೆಲುಗು ಹೊಸದು. ಬಾಗಿಲಲ್ಲಿ ಜವಾನ ನಿಂತು, "ಮುದ್ದಾಯಿ ಬೋಜಮ್ಮ" ಎಂದು ಮೂರು ಸಲ ಕರೆದ.

ಬೋಜಮ್ಮ ನನ್ನ ಕಡೆ ಬಾಗಿದರು. ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. "ಎಷ್ಟು ಪ್ರೀತಿಯಿಂದ ಕರೀತಾನೆ ನೋಡಿ. ಮುದ್ದಾಯಿ ಅಂದ್ರೆ ಏನು?"

ಈ ಸಲ ಏನನ್ನೂ ಕತ್ತರಿಸದೆ ಹೇಳಿದೆ. "ಆರೋಪಿ."

ಅವರು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು.

"ಹಾಗಾದ್ರೆ ನಾನೇ" ಎಂದು ಒಳಗೆ ಹೋದರು.