ಮದ್ದೂರು ಬರುವಷ್ಟರಲ್ಲಿ

ಮದ್ದೂರು ತಾಲ್ಲೂಕಿನ ಕೊಪ್ಪದ ನಮ್ಮ ಪಕ್ಷದ ಬೂತ್ ಅಧ್ಯಕ್ಷೆ ಸಮಾವೇಶದಲ್ಲಿ ಹಂಚುವ ಶಾಲನ್ನು ಹೆಗಲಿಗೆ ಹಾಕದೆ, ಮಡಿಸಿ ಅದರ ಮೇಲೆ ಕೂರುತ್ತಿದ್ದರು. ಮಾತಾಡಲು ಕೈ ಎತ್ತಿದರೆ ಇಳಿಸುತ್ತಿರಲಿಲ್ಲ. ಮಂಡ್ಯದ ಸಮಾವೇಶದಲ್ಲಿ ಆ ಸಲವೂ ಮೈಕು ವೇದಿಕೆಯಿಂದ ಕೆಳಗಿಳಿಯಲಿಲ್ಲ. ನಾಯಕರು ತಾವು ಮಾತಾಡಿ ನಮ್ಮನ್ನು ಊಟಕ್ಕೆ ಕಳಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಇನ್ಮೇಲೆ ನಾ ಬರಾಕಿಲ್ಲ ಕಣಕ್ಕ" ಎಂದೆ.

"ಮೈಕು ಕೊಡ್ನಿಲ್ಲ ಅಂತ ಬಾಯಿ ಬಿದ್ದೋಯ್ತದಾ?" ಎಂದರು ಅಕ್ಕ, ಎಂದಿನಂತೆ. "ನಾಲೆ ನೀರಿನ ಮಾತು ನೀನೇ ಸುರು ಮಾಡ್ಲಾ."

ಮದ್ದೂರು ಬರುವಷ್ಟರಲ್ಲಿ ಬಸ್ಸಿನವರೆಲ್ಲ ಮಾತಾಡಿದ್ದರು. ಬಸ್ಸಿನಲ್ಲೇ ಸಭೆ ನಡೆದ ಸುದ್ದಿ ಹಬ್ಬಿತು. ಮುಂದಿನ ಸಮಾವೇಶಕ್ಕೆ ಹೊರಟಾಗ ತಾಲ್ಲೂಕು ಅಧ್ಯಕ್ಷರು ಕಾರು ಬಿಟ್ಟು ನಮ್ಮ ಬಸ್ಸು ಹತ್ತಿದರು. ಸೀಟು ಖಾಲಿ ಇರಲಿಲ್ಲ. ಅಕ್ಕ ತಮ್ಮ ಶಾಲನ್ನು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಹಾಸಿದರು.

"ಕೂತ್ಕಳಿ. ಇವತ್ತು ನೀವು ಕೇಳಿ."