ಎಡಗಣ್ಣಿನ ವೆನಿಸ್

ಪಾಚಿ ಕಟ್ಟಿದ ಕಲ್ಲು, ನಿಂತ ನೀರು, ಯಾರದೋ ಅಡುಗೆಮನೆಯಲ್ಲಿ ಉಕ್ಕಿ ಸೀದ ಹಾಲು. ಮೂರೂ ಸೇರಿದ ಆ ವಾಸನೆ ಮೂಗಿಗೆ ತಾಗಿದ ಕೂಡಲೇ ನಾನು ಗೋಡೆ ಹಿಡಿದು ನಿಂತುಬಿಟ್ಟೆ. ಊರು ವೆನಿಸ್. ಜೊತೆಗಿದ್ದವಳು ರೋಹಿಣಿ, ಹತ್ತನೆಯ ವಯಸ್ಸಿನಿಂದಲೂ ಗೆಳತಿ, ಈಗ ಮೈಸೂರಿನಲ್ಲಿ ಮಕ್ಕಳ ಡಾಕ್ಟರು. ರೋಮ್, ಪ್ರಾಗ್ ಎರಡನ್ನೂ ನೋಡಿ ಮುಗಿಸಿ ಕೊನೆಯದಾಗಿ ಅಲ್ಲಿಗೆ ಬಂದಿದ್ದೆವು. “ಏನಾಯ್ತೇ, ಮಂಡಿ ನೋವಾ?” ಎಂದಳು. “ಇಲ್ಲ. ನಮ್ಮ ಗಲ್ಲಿ ವಾಸನೆ” ಎಂದೆ. ಅವಳು ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಂಡಳು. ನನ್ನ ಕೈಚೀಲದಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಳಗೆ, ಮೂವತ್ತು ವರ್ಷಕ್ಕೂ ಮೇಲಾಗಿ ಅವಳಿಗೆ ಹೇಳದೆ ನಾನು ಇಟ್ಟುಕೊಂಡಿದ್ದ ಒಂದು ವಸ್ತುವಿತ್ತು. ಈ ಪ್ರವಾಸದಲ್ಲಿ ಹೇಳಿಯೇ ತೀರಬೇಕೆಂದು ಹೊರಟವಳು ನಾನು. ರೋಮಿನಲ್ಲಿ ಹೇಳಲಿಲ್ಲ. ಪ್ರಾಗಿನಲ್ಲಿ ಬಾಯಿಯವರೆಗೆ ಬಂತು, ನುಂಗಿಕೊಂಡೆ. ಇನ್ನು ಉಳಿದದ್ದು ಆ ಒಂದೇ ದಿನ.

ನಮ್ಮ ಮನೆ ಕಾಶಿಯಲ್ಲಿ, ವಿಶ್ವನಾಥ ಗಲ್ಲಿಯಿಂದ ಒಡೆದು ನದಿಯ ಕಡೆಗೆ ಇಳಿಯುವ ಒಂದು ಸಂದಿಯಲ್ಲಿತ್ತು. ಇತ್ತು ಎಂದೇ ಹೇಳಬೇಕು. ಗುಡಿಯ ಸುತ್ತ ಜಾಗ ಬಿಡಿಸಿದಾಗ ಕೆಡವಿದರು, ಮನೆಯೂ ಈಗಿಲ್ಲ, ಆ ಸಂದಿಯೂ ಇಲ್ಲ. ಮೂರು ಮಾಳಿಗೆ, ಕೈ ಹಿಡಿಯಲು ಹಗ್ಗ ಕಟ್ಟಿದ ಕಡಿದಾದ ಮೆಟ್ಟಿಲು, ನಡುವೆ ಅಂಗಳ, ಅಂಗಳದ ನೆತ್ತಿಗೆ ಕೋತಿಗಳು ಇಳಿಯದಂತೆ ಕಬ್ಬಿಣದ ಜಾಳಿಗೆ. ಬಿಸಿಲು ಆ ಜಾಳಿಗೆಯಿಂದ ಚೌಕ ಚೌಕವಾಗಿ ಇಳಿದು ಹೊತ್ತು ಕಳೆದಂತೆ ಗೋಡೆ ಹತ್ತುತ್ತಿತ್ತು. ಅಪ್ಪ ನಮ್ಮ ಕಡೆಯ ಮಠವೊಂದರಲ್ಲಿ ಯಾತ್ರಿಕರ ಉಸ್ತುವಾರಿ ನೋಡುತ್ತಿದ್ದರು. ಮಠದಲ್ಲಿ ಜಾಗ ಸಾಲದಿದ್ದಾಗ ಕರ್ನಾಟಕದ ಜನ ನಮ್ಮ ಮೇಲಿನ ಕೋಣೆಗಳಿಗೆ ಬರುತ್ತಿದ್ದರು. ಹಾಸಿಗೆ, ಬಕೆಟ್ಟು ಅವ್ವನ ಪಾಲು, ಅಡುಗೆ ಅಜ್ಜಿಯ ಪಾಲು. ಆ ಊರಲ್ಲಿ ಸಿಗದ ಜೋಳದ ಹಿಟ್ಟನ್ನೂ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನೂ ಯಾತ್ರಿಕರೇ ಗಂಟು ಕಟ್ಟಿ ತರುತ್ತಿದ್ದರು. ಗಲ್ಲಿಯ ತುಂಬ ಕಚೌಡಿ ಕರಿದ ಎಣ್ಣೆಯ ವಾಸನೆ ಇದ್ದರೆ ನಮ್ಮ ಹೊಸ್ತಿಲು ದಾಟಿದ ಕೂಡಲೇ ರೊಟ್ಟಿ ಸುಟ್ಟ ವಾಸನೆ. ವಿಜಯಪುರದ ಮುದುಕರು ಒಳಗೆ ಕಾಲಿಟ್ಟು ಕಣ್ಣು ಒರೆಸಿಕೊಂಡದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಹೋಗಬೇಕು ಎನ್ನುವುದು ನಿಮಗೂ ಗೊತ್ತಿರುವ ಪದ್ಧತಿಯೇ. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜಿಯೇ ಸಾಕ್ಷಿ. ಹೊರಡುವ ದಿನ ಪ್ರತಿಯೊಬ್ಬರೂ ಹೊಸ್ತಿಲ ಮೇಲೆ ನಿಂತು, ತಾವು ಬಿಟ್ಟದ್ದನ್ನು ಅವಳಿಗೆ ಹೇಳಿ ಇಳಿಯಬೇಕು. “ಏನ ಬಿಟ್ಟಿಯಪಾ?” ಎಂದು ಅವಳು ಕೇಳುವಳು. “ಹಾಗಲಕಾಯಿ ಬಿಟ್ಟೀನ್ರಿ ಅಮ್ಮಾರ.” “ಹಾಗಲಕಾಯಿ ಬಿಡಾಕ ಇಷ್ಟು ದೂರ ರೈಲಾಗ ಬಂದೇನು? ನಿಮ್ಮ ಮನ್ಯಾಗ ಕುಂತ ಬಿಟ್ಟಿದ್ರ ಗಂಗವ್ವ ಬ್ಯಾಡ ಅಂತಿದ್ಲೇನು?” ಸುತ್ತ ನಿಂತವರು ನಗುತ್ತಿದ್ದರು, ಆ ಮನುಷ್ಯ ತಲೆ ಕೆರೆದುಕೊಂಡು ಎಲೆಅಡಿಕೆ ಬಿಟ್ಟೆನೆಂದು ತಿದ್ದಿಕೊಳ್ಳುತ್ತಿದ್ದ. ಆಗ ಅಜ್ಜಿ ನಗು ನಿಲ್ಲಿಸಿ ಒಂದು ಮಾತು ಸೇರಿಸುವಳು. “ಬಿಟ್ರ ಪೂರಾ ಬಿಡು. ಅರ್ಧ ಬಿಟ್ಟದ್ದು ಬೆನ್ನ ಹತ್ತತೈತಿ.”

ರೋಹಿಣಿಯ ತಂದೆ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾಕ್ಟರು, ಮೈಸೂರಿನವರು. ಹಬ್ಬಕ್ಕೆ ಹುಣ್ಣಿಮೆಗೆ ಕನ್ನಡ ಕೇಳಬೇಕೆಂದು ಗೋದೌಲಿಯಾ ಚೌಕದವರೆಗೆ ಸೈಕಲ್ ರಿಕ್ಷಾದಲ್ಲಿ ಬಂದು, ಅಲ್ಲಿಂದ ನಡೆದು ನಮ್ಮ ಮನೆಗೆ ಬರುತ್ತಿದ್ದರು. ಅವಳ ತಾಯಿ ಸುಮತಿ ಆಂಟಿ ಅಜ್ಜಿಯ ರೊಟ್ಟಿ ತಟ್ಟುವ ಸದ್ದಿಗೆ ತಾಳ ಹಾಕುತ್ತ ಕಲ್ಲಿನ ಮೇಲೆ ಕೂರುತ್ತಿದ್ದರು. ನಾವಿಬ್ಬರು ಹುಡುಗಿಯರು ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಜಗಳ ಮುಗಿಸುತ್ತಿದ್ದೆವು. ವಿದೇಶಕ್ಕೆ ಹೋಗಿಬಂದ ಅವಳ ಸೋದರಮಾವ ಅವಳಿಗೊಂದು ಕರಿಯ ಆಟದ ಪೆಟ್ಟಿಗೆ ಕೊಟ್ಟಿದ್ದ. ಕಣ್ಣಿಗಿಟ್ಟು ಬೆಳಕಿನ ಕಡೆ ಹಿಡಿದು ಸನ್ನೆ ಒತ್ತಿದರೆ ಒಂದೊಂದೇ ಚಿತ್ರ ಬರುವಂಥದು. ನಾವು ಅದನ್ನು ದುರ್ಬೀನು ಎನ್ನುತ್ತಿದ್ದೆವು. ಅದಕ್ಕೆ ಹಾಕುವ ದುಂಡನೆಯ ರಟ್ಟಿನ ಬಿಲ್ಲೆಗಳು ಮೂರು: ರೋಮ್, ಪ್ರಾಗ್, ವೆನಿಸ್. ಒಂದೊಂದು ಬಿಲ್ಲೆಯಲ್ಲಿ ಏಳು ನೋಟ. ಪ್ರತಿ ನೋಟವೂ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರವಾಗಿ ಬಂದು, ಎರಡೂ ಕೂಡಿ ಕೈ ಚಾಚಿದರೆ ಸಿಗುವಷ್ಟು ಆಳವಾಗಿ ಕಾಣುತ್ತಿತ್ತು.

ಮಾಳಿಗೆಯ ಮೇಲೆ ನಾವು ಯುರೋಪು ಯಾತ್ರೆ ಮಾಡುತ್ತಿದ್ದೆವು. ಹಳೆಯ ಊರು, ಕಲ್ಲಿನ ಮೆಟ್ಟಿಲು, ಗೋಪುರ, ನದಿ ಎಂದರೆ ಅದು ತೀರ್ಥಕ್ಷೇತ್ರವೇ ಇರಬೇಕೆಂದು ನಮಗೆ ಸಂಶಯವೇ ಇರಲಿಲ್ಲ. ರೋಹಿಣಿ ಕೊಡೆ ಎತ್ತಿ ಹಿಡಿದು, ಯಾತ್ರಿಕರಿಗೆ ದಾರಿ ತೋರಿಸುವ ಪಂಡಾ ಆಗುವಳು. “ಆಯಿಯೇ ಆಯಿಯೇ, ಚಪ್ಪಲಿ ಜೋಪಾನ ಅಮ್ಮಾ, ಇದು ಪ್ರಾಗಿನ ಸೇತುವೆ, ಸಾಲಾಗಿ ಮೂವತ್ತು ಕಲ್ಲಿನ ದೇವರು, ಒಬ್ಬೊಬ್ಬರಿಗೂ ಒಂದೊಂದು ಹೂವು, ಮುಂದೆ ಸಾಗಿ!” ಸೇತುವೆ ಮುಗಿಯುವಲ್ಲಿ ನಾನು ನಿಂತು ಅಜ್ಜಿಯ ದನಿಯಲ್ಲಿ ಕೇಳುವೆ: “ಪ್ರಾಗಿನಾಗ ಏನ ಬಿಟ್ಟಿ ಯವ್ವಾ?” ಅವಳು ಒಮ್ಮೆ ಗಣಿತ ಬಿಟ್ಟೆನೆನ್ನುವಳು, ಒಮ್ಮೆ ಹಾಗಲಕಾಯಿ. ವೆನಿಸ್ ಮಾತ್ರ ನಮಗೆ ನಗೆ ತರುತ್ತಿರಲಿಲ್ಲ. ಅಲ್ಲಿ ನೀರು ಮನೆಗಳ ಬಾಗಿಲಿಗೇ ಬಂದು ನಿಂತಿತ್ತು. ದೋಣಿಗಳೆಲ್ಲ ಕಪ್ಪು. ಏಳನೆಯ ನೋಟದಲ್ಲಿ ಒಂದು ಪುಟ್ಟ ಸೇತುವೆ, ಪಕ್ಕದಲ್ಲಿ ಕಂಬ, ಕಂಬದ ಹಿಂದೆ ಕಮಾನು. ಆ ಕಮಾನಿನಲ್ಲಿ ಹಳದಿ ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಳು. ಬಲಗಣ್ಣು ಮುಚ್ಚಿದರೆ ಇರುವಳು. ಎಡಗಣ್ಣು ಮುಚ್ಚಿದರೆ ಇಲ್ಲ, ಬರೀ ಕಂಬ. ಕಂಡುಹಿಡಿದವಳು ರೋಹಿಣಿ. “ನೀನೂ ನೋಡು. ಒಂದು ಕಣ್ಣಿಗೆ ಇದ್ದಾಳೆ, ಒಂದು ಕಣ್ಣಿಗೆ ಹೋದಳು. ಎಲ್ಲಿಗೆ ಹೋಗ್ತಾಳೆ?” ಮಟಮಟ ಮಧ್ಯಾಹ್ನದಲ್ಲೂ ಬೆನ್ನು ತಣ್ಣಗಾಯಿತು.

ಆ ವರ್ಷ ಶ್ರಾವಣದಲ್ಲಿ ಗಂಗೆ ಏರತೊಡಗಿತು. ಘಾಟಿನ ತುದಿಯ ಅರಳಿಕಟ್ಟೆಯಿಂದ ಕೆಳಗೆ ಎಷ್ಟು ಮೆಟ್ಟಿಲು ಉಳಿದಿವೆ ಎಂದು ಅಜ್ಜಿ ದಿನಾ ಬೆಳಿಗ್ಗೆ ಎಣಿಸಿ ಬಂದು ಅಪ್ಪನಿಗೆ ಹೇಳುತ್ತಿದ್ದಳು. ಹಾಲಿನವನು ಕ್ಯಾನು ಇಳಿಸುತ್ತ, “ಗಂಗಾ ಮೈಯಾ ದೋ ಸೀಢೀ ಔರ್ ಚಢ್ ಗಯೀ, ಅಮ್ಮಾಜಿ” ಎನ್ನುವನು. ಅಜ್ಜಿ, “ಎರಡಲ್ಲ, ಮೂರು ಏರ್ಯಾಳ” ಎಂದು ಕನ್ನಡದಲ್ಲೇ ತಿದ್ದುವಳು. ಹೆಣ ಸುಡುವ ಜಾಗ ಮುಳುಗಿದಂತೆ ಚಿತೆಗಳು ಮೇಲಕ್ಕೆ ಸರಿದವು, ಗಲ್ಲಿಯಲ್ಲಿ ಶವಯಾತ್ರೆಗಳು ಒಂದರ ಹಿಂದೆ ಒಂದು ಕಾದು ನಿಂತವು, ಒಗೆದ ಬಟ್ಟೆಗೆಲ್ಲ ಹೊಗೆ ಹತ್ತಿತು. ಅಂಥ ಒಂದು ದಿನ ಡಾಕ್ಟರು ರೋಹಿಣಿಯನ್ನು ಅವಳ ಬಟ್ಟೆಯ ಚೀಲದ ಸಮೇತ ನಮ್ಮ ಮನೆಗೆ ಕರೆತಂದರು. ಸುಮತಿ ಆಂಟಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. “ಒಂದು ವಾರ ಇರಲಿ ಅಮ್ಮಾ ಇವಳು” ಎಂದರು. “ಹೆಂಗದಾಳಪಾ ನಿನ್ನ ಹೇಣ್ತಿ?” ಎಂದಳು ಅಜ್ಜಿ. ಅವರು ಬಗ್ಗಿ, ಕಟ್ಟಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

ಭಾನುವಾರ ಆಸ್ಪತ್ರೆಗೆ ಹೋಗಿಬಂದ ರೋಹಿಣಿ ಊಟ ಬಿಟ್ಟು ಮಾಳಿಗೆ ಹತ್ತಿದಳು. ನಾನು ಹಿಂದೆ ಹೋದೆ. “ಅಮ್ಮನ ಕಣ್ಣು ಹಳದಿ ಆಗಿಬಿಟ್ಟಿದೆ. ಕೈಯೂ ಹಳದಿ” ಎಂದಳು. ಇಬ್ಬರಿಗೂ ಒಂದೇ ನೆನಪಾಯಿತು. ಅಂದಿನಿಂದ ಏಳನೆಯ ನೋಟ ಬರುವ ಮೊದಲೇ ಬಿಲ್ಲೆ ತೆಗೆದುಬಿಡುತ್ತಿದ್ದೆವು. ಎರಡು ದಿನ ಬಿಟ್ಟು ಅವಳು ಅಡುಗೆಮನೆಗೆ ಹೋಗಿ ಅಜ್ಜಿಯ ಬೆನ್ನಿಗೆ ನಿಂತಳು. “ಅಜ್ಜಿ, ನಾನೂ ಒಂದು ಬಿಟ್ಟರೆ ಅಮ್ಮ ಹುಷಾರಾಗ್ತಾಳಾ?” ಅಜ್ಜಿಯ ಕೈ ರೊಟ್ಟಿಯ ಮೇಲೆ ನಿಂತಿತು. ಅವಳಿಗೆ ಎಷ್ಟು ಗೊತ್ತಿತ್ತೋ ನಾನರಿಯೆ. “ಬಿಡು ನನ್ನ ಕೂಸ. ಜೀವ ಇಟ್ಟದ್ದು ಏನೈತಿ, ಅದನ್ನ ಬಿಡು” ಎಂದಳು.

ಮರುದಿನ ಬೆಳಿಗ್ಗೆ ರೋಹಿಣಿ ದುರ್ಬೀನನ್ನೂ ಮೂರು ಬಿಲ್ಲೆಗಳನ್ನೂ ಅರಿವೆಯ ಚೀಲಕ್ಕೆ ಹಾಕಿ ನನ್ನ ಕೈಗಿಟ್ಟು, ಸ್ನಾನಕ್ಕೆ ಹೋದಳು. ಚೀಲದ ಬಾಯಿಗೆ ಗಂಟು ಹಾಕುವುದು ನನ್ನ ಕೆಲಸ. ಕಟ್ಟಿದ ಮೇಲೆ ಬಿಚ್ಚುವಂತಿಲ್ಲ. ನಾನು ವೆನಿಸ್ಸಿನ ಬಿಲ್ಲೆಯನ್ನು ತೆಗೆದು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಟು ಹಾಕಿದೆ. ಆ ಹಳದಿ ಹೆಂಗಸನ್ನು ನೀರಿಗೆ ಹಾಕಿದರೆ ಆಂಟಿಯನ್ನೇ ಮುಳುಗಿಸಿದಂತಾದೀತೆಂಬ ಭಯಕ್ಕೆ ಹಾಗೆ ಮಾಡಿದೆ ಎಂದು ದೊಡ್ಡವಳಾದ ಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ಭಯವೂ ಇತ್ತು, ಆದರೆ ಕೈ ಒಳಗೆ ಹೋದದ್ದು ಆಸೆಯಿಂದ. ಅವಳ ಹತ್ತಿರ ಇದ್ದದ್ದು ನನ್ನ ಹತ್ತಿರವೂ ಒಂದು ಇರಲಿ ಎಂಬ ಆಸೆ.

ಘಾಟಿನಲ್ಲಿ ಆ ದಿನ ಉಳಿದದ್ದು ಐದು ಮೆಟ್ಟಿಲು. ನೀರು ಕೆಂಪಗೆ, ಸದ್ದಿಲ್ಲದೆ, ಬಾಗಿಲು ಕಿಟಕಿಗಳ ಚೌಕಟ್ಟುಗಳನ್ನೂ ಒಂದು ಹಗ್ಗದ ಮಂಚವನ್ನೂ ತೇಲಿಸಿಕೊಂಡು ಹೋಗುತ್ತಿತ್ತು. ಅಜ್ಜಿ ರೋಹಿಣಿಯ ರಟ್ಟೆ ಹಿಡಿದು ನಿಂತು ಕೇಳಿದಳು: “ಪೂರಾ ಐತಿಲ್ಲ?” ರೋಹಿಣಿ ನನ್ನ ಕಡೆ ತಿರುಗಿದಳು. “ಎಲ್ಲಾ ಇದೆ ತಾನೇ, ಗಿರಿಜಾ?” ಸೊಂಟದಲ್ಲಿ ರಟ್ಟಿನ ಅಂಚು ಚುಚ್ಚುತ್ತಿತ್ತು. ನಾನು ಹೂಂ ಎಂದೆ. ಅವಳು ಕಣ್ಣು ಮುಚ್ಚಿ ಚೀಲವನ್ನು ಬಿಟ್ಟಳು. ಅದು ಕೂಡಲೇ ಮುಳುಗಲಿಲ್ಲ. ಗಾಳಿ ತುಂಬಿಕೊಂಡು ಸ್ವಲ್ಪ ದೂರ ನಮ್ಮನ್ನೇ ನೋಡುತ್ತ ಹೋದಂತೆ ಹೋಗಿ, ಆಮೇಲೆ ಕಾಣದಾಯಿತು.

ನಾಲ್ಕನೆಯ ದಿನ ರೊಟ್ಟಿಯ ಹೊತ್ತಿಗೆ ಡಾಕ್ಟರು ಬಂದರು. ಬೂಟುಗಾಲಲ್ಲೇ ಅಡುಗೆಮನೆಯೊಳಗೆ ಬಂದು ನಿಂತರು. ಮಠದ ಸ್ವಾಮಿಗಳ ಶಿಷ್ಯರನ್ನೂ ಚಪ್ಪಲಿಯ ವಿಷಯದಲ್ಲಿ ಬಿಡದ ನಮ್ಮ ಅಜ್ಜಿ ಅವರ ಕಾಲು ನೋಡಿದಳು, ಮುಖ ನೋಡಿದಳು, ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಒಲೆ ಆರಿಸಿದಳು. ಸಂಜೆ ಗಂಡಸರೆಲ್ಲ ಘಾಟಿಗೆ ಹೋದ ಮೇಲೆ ನಾವಿಬ್ಬರೂ ಮಾಳಿಗೆಯಲ್ಲಿ ಕೂತಿದ್ದೆವು. ಹೊಗೆ ನಮ್ಮ ಕಡೆಗೇ ಬೀಸುತ್ತಿತ್ತು. ರೋಹಿಣಿ ಅಳುತ್ತಿರಲಿಲ್ಲ. “ನಾನು ಪೂರಾ ಬಿಟ್ಟೆ ತಾನೇ?” ಎಂದಳು. ಆಗಲಾದರೂ ಹೇಳಬಹುದಿತ್ತು. “ಹೂಂ” ಎಂದೆ, ಎರಡನೆಯ ಸಲ.

ಹದಿನೈದು ದಿನದೊಳಗೆ ಡಾಕ್ಟರು ಅವಳನ್ನು ಮೈಸೂರಿಗೆ ಕರೆದುಕೊಂಡು ಹೊರಟರು. ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗುವ ಮೊದಲು ಹೊಸ್ತಿಲಲ್ಲಿ ನಿಂತಾಗ ಅಜ್ಜಿ ಅವಳ ಕೈಗೆ ರೊಟ್ಟಿಯ ಗಂಟು ಕೊಟ್ಟಳು, ತಲೆ ಸವರಿದಳು. ಏನು ಬಿಟ್ಟೆ ಎಂದು ಕೇಳಲಿಲ್ಲ. ಆ ಹೊಸ್ತಿಲಲ್ಲಿ ಆ ಮಾತು ಕೇಳದೆ ಅವಳು ಕಳಿಸಿಕೊಟ್ಟದ್ದು, ನನಗೆ ತಿಳಿದಂತೆ, ರೋಹಿಣಿ ಒಬ್ಬಳನ್ನೇ. ನೀರು ಇಳಿಯಿತು, ಗಲ್ಲಿಯ ತುಂಬ ಕೆಸರು ಉಳಿಯಿತು. ಬಿಲ್ಲೆ ನನ್ನಲ್ಲಿತ್ತು, ನೋಡಲು ದುರ್ಬೀನು ಇರಲಿಲ್ಲ. ಬಿಸಿಲಿಗೆ ಹಿಡಿದರೆ ಉಗುರಿನಷ್ಟು ಚಿತ್ರಗಳು. ಅದರಲ್ಲಿ ಏಳನೆಯದನ್ನು ನಾನು ಎಂದೂ ಬಿಸಿಲಿಗೆ ಹಿಡಿಯಲಿಲ್ಲ. ಅಜ್ಜಿ ಹೋದಳು, ಅಪ್ಪ ಊರಿಗೆ ಮರಳಿದರು, ನಾನು ಮದುವೆಯಾಗಿ ಧಾರವಾಡಕ್ಕೆ ಬಂದೆ, ಬಿಲ್ಲೆ ಸೀರೆಗಳ ನಡುವೆ ಬಂತು. ಕಾಗದ, ಫೋನು, ಮದುವೆ ಮುಂಜಿ ಎಲ್ಲದರಲ್ಲೂ ರೋಹಿಣಿ ಇದ್ದಳು. ಆ ಒಂದು ಮಾತು ಮಾತ್ರ ನನ್ನ ಬೆನ್ನು ಹತ್ತಿಯೇ ಬಂತು, ಅಜ್ಜಿ ಹೇಳಿದ ಹಾಗೆ.

ವೆನಿಸ್ಸಿನಲ್ಲಿ ಆ ಸಂಜೆ ಒಂದು ಪುಟ್ಟ ಸೇತುವೆಯ ಮೇಲೆ ಕೂತೆವು. ಅದೇ ಸೇತುವೆ ಎನ್ನಲಾರೆ. ಅಂಥವು ಅಲ್ಲಿ ಎಷ್ಟೋ. ಎದುರಿಗೆ ಕಂಬ ಇತ್ತು, ಅದರ ಹಿಂದೆ ಕಮಾನೂ ಇತ್ತು. ಕನ್ನಡಕದ ಡಬ್ಬಿ ತೆರೆದು ಅವಳ ತೊಡೆಯ ಮೇಲಿಟ್ಟು ಎಲ್ಲ ಹೇಳಿದೆ. ಅವಳು ಬಿಲ್ಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಬಹಳ ಹೊತ್ತು ನೋಡಿದಳು. ನನಗೆ ಬೈಯುತ್ತಾಳೆಂದುಕೊಂಡೆ, ಇಲ್ಲವೆ ಮಗುವಾಗಿದ್ದೆ ಬಿಡು ಎನ್ನುತ್ತಾಳೆಂದುಕೊಂಡೆ. ಎರಡನ್ನೂ ಅನ್ನಲಿಲ್ಲ.

“ಚೀಲ ಬಿಟ್ಟ ಮೇಲೂ ಕಣ್ಣು ಮುಚ್ಚಿದರೆ ನನಗೆ ವೆನಿಸ್ ಕಾಣ್ತಿತ್ತು ಕಣೇ. ರೋಮ್ ಹೋಯ್ತು, ಪ್ರಾಗ್ ಹೋಯ್ತು, ಇದೊಂದು ಹೋಗಲಿಲ್ಲ. ಕೈ ಬಿಟ್ಟಿದೆ, ಮನಸ್ಸು ಬಿಟ್ಟಿಲ್ಲ, ಅದಕ್ಕೇ ಅಮ್ಮ ಉಳೀಲಿಲ್ಲ ಅಂದ್ಕೊಂಡೆ. ಡಾಕ್ಟರಾಗಿ, ಅದು ಯಾವ ಕಾಯಿಲೆ ಅಂತ ಪೂರ್ತಿ ಓದಿದ ಮೇಲೂ ಅಂದ್ಕೊಂಡೆ.” ಬಿಲ್ಲೆಯ ಅಂಚನ್ನು ಬೆರಳಿನಿಂದ ಸವರಿ, “ನೀನು ಒಂದು ಮಾತು ಹೇಳಿದ್ರೆ, ನಾನು ನಿನ್ನನ್ನ ಬೈಕೊಂಡಾದ್ರೂ ಇರ್ತಿದ್ದೆ” ಎಂದಳು.

ನಾನು ಅಷ್ಟು ವರ್ಷ ಹೊತ್ತು ತಿರುಗಿದ ತಪ್ಪು ನನ್ನದೊಬ್ಬಳದೇ ಎಂದುಕೊಂಡಿದ್ದೆ. ಅದರ ಜೋಡಿಯನ್ನು ಅವಳ ತಲೆಯ ಮೇಲೆ ನಾನೇ ಇಟ್ಟು ಕಳಿಸಿದ್ದೆ. ಆ ಎರಡು ಹೂಂಗಳಲ್ಲಿ ಯಾವುದು ಹೆಚ್ಚು ಭಾರದ್ದು ಎಂದು ಈಗ ನನಗೆ ಗೊತ್ತು.

ಅವಳು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ಏಳನೆಯ ನೋಟವನ್ನು ಹುಡುಕಿ ಆಕಾಶಕ್ಕೆ ಹಿಡಿದಳು. ಆಮೇಲೆ ಅದನ್ನು ಇಳಿಸಿ, ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಎದುರಿನ ಕಮಾನಿನ ಕಡೆ ನೋಡುತ್ತ ಕೂತಳು. ಕಾಣಿಸುತ್ತಾಳೆಯೇ ಎಂದು ನಾನು ಕೇಳಲಿಲ್ಲ. ಬಿಲ್ಲೆ ಅವಳ ಚೀಲಕ್ಕೆ ಹೋಯಿತು. ಕೆಳಗೆ ಸಮುದ್ರ ಏರುವ ಹೊತ್ತು. ಮನೆಯೊಂದರ ಬಾಗಿಲಿನಿಂದ ನೀರಿಗಿಳಿದ ಮೆಟ್ಟಿಲುಗಳು ಒಂದೊಂದಾಗಿ ಸದ್ದಿಲ್ಲದೆ ಒಳಗೆ ಹೋಗುತ್ತಿದ್ದವು. ನನಗರಿವಿಲ್ಲದೆ, ಅಜ್ಜಿಯ ಹಾಗೆ ಎಣಿಸುತ್ತ ತುಟಿ ಅಲುಗಾಡಿತೋ ಏನೋ. ಮೈಸೂರಿನ ಕನ್ನಡ ಬಿಟ್ಟು ಬೇರೆ ಕನ್ನಡ ಬಾರದ ರೋಹಿಣಿ, ಕಣ್ಣಿನ ಮೇಲಿನ ಕೈ ತೆಗೆಯದೆ, ಇಲ್ಲದ ಮನೆಯ ಇಲ್ಲದ ಮುದುಕಿಯ ದನಿಯಲ್ಲಿ ಕೇಳಿದಳು.

“ಎಷ್ಟು ಉಳದಾವ?”

“ಎರಡು” ಎಂದೆ.