ಎರಡನೆಯ ಗಿಳಿ

ನನ್ನ ಎಡಗೈಯ ಒಳಭಾಗದಲ್ಲಿ, ಮೊಣಕೈಗೂ ಮಣಿಕಟ್ಟಿಗೂ ನಡುವೆ, ಎರಡು ಗಿಳಿಗಳಿದ್ದವು. ನಾನು ಚಿಕ್ಕವಳಿದ್ದಾಗ ಊರಿಗೆ ಬಂದ ಹಚ್ಚೆಯ ಅಜ್ಜಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಚುಚ್ಚಿದ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡ ಗಿಳಿಗಳು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಟೇಬಲ್ಲಿಗೆ ಸೇರಿದ ಮೇಲೆ ಅದರಲ್ಲಿ ಒಂದು ಹೋಯಿತು.

ಹೇಗೆ ಹೋಯಿತು ಎಂಬುದನ್ನು ಸರಿಯಾಗಿ ಹೇಳಬೇಕು. ಬಾಯ್ಲರಿನಿಂದ ನನ್ನ ಇಸ್ತ್ರಿಪೆಟ್ಟಿಗೆಗೆ ಬರುವ ಹಬೆಯ ಪೈಪು ಬೆಳಿಗ್ಗೆಯಿಂದಲೇ ಬುಸ್ಸೆನ್ನುತ್ತಿತ್ತು. ಸೂಪರ್‌ವೈಸರಿಗೆ ಹೇಳಿದೆ. “ಈ ಲಾಟ್ ಮುಗೀಲಮ್ಮ, ಆಮೇಲೆ ನೋಡೋಣ,” ಎಂದರು. ಊಟದ ಬೆಲ್ಲಿಗೆ ಮುಂಚೆಯೇ ಪೈಪು ಕಳಚಿಕೊಂಡು ಹಬೆ ಕೈಮೇಲೆ ನುಗ್ಗಿತು. ಸದ್ದು ಮೊದಲು ಕೇಳಿಸಿತು. ಉರಿ ಆಮೇಲೆ ಬಂತು. ಈಗಲೂ ಕುಕ್ಕರ್ ಕೂಗುವ ಮೊದಲು ನಾನು ಬಾಗಿಲಾಚೆ ಬಂದು ನಿಲ್ಲುತ್ತೇನೆ.

ಗಾಯ ಮಾಯಿತು, ಚರ್ಮ ಮಾತ್ರ ಸಮವಾಗಲಿಲ್ಲ. ಉಬ್ಬಿ, ಹೊಳೆಯುತ್ತ, ಹಗ್ಗ ಹೊಸೆದ ಹಾಗೆ ಗಂಟುಗಂಟಾಗಿ ನಿಂತಿತು. ಉಳಿದ ಗಿಳಿ ಆ ಗಂಟಿಗೇ ಕೊಕ್ಕು ತಾಗಿಸಿಕೊಂಡು ಕೂತಿತ್ತು.

ಬಯ್ಯರ್, ಅಂದರೆ ನಮ್ಮ ಶರ್ಟುಗಳನ್ನು ಕೊಳ್ಳುವ ವಿದೇಶದವರು, ಬರುವ ದಿನಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕುಡಿಯುವ ನೀರಿನ ಹತ್ತಿರ ಹೊಸ ಲೋಟಗಳು, ಕಕ್ಕಸಿನಲ್ಲಿ ಸೋಪು, ಮತ್ತು ನಾನು ಬಟನ್ ಸ್ಟೋರಿನಲ್ಲಿ. “ಕೈ ನೋಡಿದ್ರೆ ನೂರೆಂಟು ಪ್ರಶ್ನೆ ಕೇಳ್ತಾರಮ್ಮ,” ಎನ್ನುತ್ತಿದ್ದರು ಸೂಪರ್‌ವೈಸರ್. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಗುಂಡಿಗಳ ಬಣ್ಣ ಬೇರ್ಪಡಿಸುತ್ತ, ಅವರ ಬೂಟಿನ ಸದ್ದು ದೂರವಾಗುವವರೆಗೆ ಕೂರುತ್ತಿದ್ದೆ. ಸುಟ್ಟಿದ್ದು ಫ್ಯಾಕ್ಟರಿಯ ಪೈಪು. ಅಡಗಿಕೊಳ್ಳಬೇಕಾದವಳು ನಾನು. ಒಮ್ಮೆ ಹಾಗೆ ಕೂತಿದ್ದಾಗಲೇ ಹೋದ ಗಿಳಿಯನ್ನು ಅದರ ಜಾಗಕ್ಕೇ ವಾಪಸು ತರಬೇಕು ಎನ್ನಿಸಿತು.

ನಾಗಸಂದ್ರದಲ್ಲಿ ಮೊಬೈಲ್ ಅಂಗಡಿಯ ಮೇಲೊಂದು ಟ್ಯಾಟೂ ಅಂಗಡಿಯಿತ್ತು. ರೂಮಿನ ಗೆಳತಿ ಜೊತೆಗೆ ಬಂದಳು, ನಮ್ಮ ಕಡೆಯವಳೇ. ಟ್ಯಾಟೂ ಹಾಕುವವನು ಕೈಗವಸಿನ ಬೆರಳಿಂದ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

“ಇಲ್ಲಿ ಗೊತ್ತಾಗತ್ತಾ ಅಕ್ಕ?”

ಕೆಲವು ಕಡೆ ಗೊತ್ತಾಗುತ್ತಿತ್ತು, ಕೆಲವು ಕಡೆ ಇಲ್ಲ.

“ಉಬ್ಬಿರೋ ಚರ್ಮ ಇದು. ಬಣ್ಣ ಹಿಡಿಯತ್ತೋ ಇಲ್ವೋ ಹೇಳಕ್ಕಾಗಲ್ಲ. ಚುಚ್ಚಿದ್ರೆ ಇನ್ನೂ ಉಬ್ಬಿದ್ರೂ ಉಬ್ಬಬಹುದು.” ಆಲ್ಬಮ್ ತೆರೆದು ದೊಡ್ಡ ಕಮಲವೊಂದನ್ನು ತೋರಿಸಿದ. “ಹಾಕ್ಲೇಬೇಕು ಅಂದ್ರೆ ಇದು ಹಾಕಣ. ಗಾಯ ಇತ್ತು ಅಂತಾನೇ ಗೊತ್ತಾಗಲ್ಲ.”

“ಗೊತ್ತಾಗ್ಲಿ,” ಎಂದೆ. “ಮುಚ್ಚೂದು ಬ್ಯಾಡ. ಈ ಗಿಳಿಗೆ ಜೋಡಿ ಬರೀರಿ. ಗಂಟಿನ ಮ್ಯಾಲ ಕುಂದರ್ಲಿ.”

“ಇಕಿ ಕೇಳಾಕಿ ಅಲ್ಲಣ್ಣ, ಸುಮ್ನ ಬರಿ,” ಎಂದಳು ಗೆಳತಿ. “ಸೂಜಿ ಕಂಡ್ರ ದವಾಖಾನಿಯಿಂದ ಓಡಿಬರಾಕಿ, ಇವತ್ತ ಹುಲಿ ಆಗ್ಯಾಳ.”

ಅವನು ಅಂದೇ ಬರೆಯಲಿಲ್ಲ. ಗಂಟಿನ ಅಂಚಿನಲ್ಲಿ ನಾಲ್ಕಾರು ಚುಕ್ಕೆ ಇಟ್ಟು, ದೀಪಾವಳಿ ಕಳೆಯಲಿ, ಉಬ್ಬದಿದ್ದರೆ ಬನ್ನಿ ಎಂದ. ದಿನವೂ ಎದ್ದ ಕೂಡಲೇ ಸವರಿ ನೋಡುತ್ತಿದ್ದೆ. ಇನ್ನೂ ಉಬ್ಬಿದರೆ ಮಣಿಕಟ್ಟು ಮಡಚುವುದು ಕಷ್ಟವಾಗಿ ಇಸ್ತ್ರಿ ಟೇಬಲ್ಲೇ ತಪ್ಪುತ್ತಿತ್ತು. ಉಬ್ಬಲಿಲ್ಲ.

ಬರೆಯುವ ದಿನ, ಮರಗಟ್ಟಿದ ಕಡೆ ಬರೀ ಸೂಜಿಯ ಅದುರು. ಅಂಚಿಗೆ ಬಂದಾಗ ಹೊಸದಾಗಿ ಸುಟ್ಟ ಹಾಗೆ ಉರಿ. ನಡುವೆ ಒಮ್ಮೆ ಮೆಷಿನ್ನಿನ ಗುಂಯ್ ಎಂಬ ಸದ್ದು ನನ್ನ ಕಿವಿಯಲ್ಲಿ ಬುಸ್ಸೆಂದಿತು. ಕೈ ಎಳೆದುಕೊಂಡೆ. ಅವನು ನೀರು ಕೊಟ್ಟ.

“ಸಾಕಾ ಅಕ್ಕ?”

“ಇಲ್ಲ. ಹಚ್ರಿ ಮೆಷಿನ್ನು.”

ಮುಗಿದಾಗ ಗೆರೆ ಗಂಟುಗಳನ್ನು ಹತ್ತಿ ಇಳಿದಿತ್ತು. ಮೊದಲ ಗಿಳಿಗಿಂತ ಇದು ಒರಟು; ರೆಕ್ಕೆ ನಿಜವಾಗಿಯೂ ಉಬ್ಬಿಕೊಂಡಿತ್ತು. ಕಣ್ಣಿನ ಚುಕ್ಕೆ ಮಾತ್ರ ಹಿಡಿಯಲಿಲ್ಲ, ಆಮೇಲೆ ಇನ್ನೊಮ್ಮೆ ಚುಚ್ಚಿದರೂ ಹಿಡಿಯಲಿಲ್ಲ.

ಮುಂದಿನ ಬಯ್ಯರ್ ದಿನ ಸೂಪರ್‌ವೈಸರ್ ನನ್ನ ಕೈ ನೋಡಿ ಅರಳಿಬಿಟ್ಟರು. “ಸಕ್ಕತ್ತಾಗಿದೆ ಕಣಮ್ಮ! ಇವತ್ತು ಸ್ಟೋರ್ ಬೇಡ ಬಿಡು. ಕೇಳಿದ್ರೆ ಟ್ಯಾಟೂ ಅಂತ ಹೇಳು, ಮುಗೀತು.” ತಮಗೋಸ್ಕರ ಗಾಯ ಮುಚ್ಚಿಸಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದರು.

ಬಂದವರು ಬೂದುಗೂದಲಿನ ಹೆಂಗಸು. ನನ್ನ ಟೇಬಲ್ಲಿನ ಮುಂದೆ ನಿಂತು ಕೈಯತ್ತ ಬೆರಳು ತೋರಿಸಿದರು.

“ಟ್ಯಾಟೂ ಮೇಡಂ, ಟ್ಯಾಟೂ,” ಎಂದರು ಸೂಪರ್‌ವೈಸರ್.

ನಾನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟೆ. ಮಾತು ತಿಳಿಸಲು ಜೊತೆಗಿದ್ದ ಆಫೀಸಿನ ಹುಡುಗಿಗೆ ಹೇಳಿದೆ: “ಮೇಡಂಗ ಹೇಳ್ರಿ. ಗಿಳಿ ನಾ ಬರಿಸಿದ್ದು. ಅದರ ಕೆಳಗಿಂದು ಈ ಪೈಪ್ ಸುಟ್ಟಿದ್ದು.”

ಹುಡುಗಿ ಸೂಪರ್‌ವೈಸರ್ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಕೈಯಲ್ಲಿದ್ದ ಫೈಲು ತಿರುವತೊಡಗಿದಳು.

ನನಗೆ ಇಂಗ್ಲಿಷ್ ಬರುವುದಿಲ್ಲ. ಬಲಗೈಯಿಂದ ಪೈಪನ್ನು ಮುಟ್ಟಿ, ಎಡಗೈಯನ್ನು ಅದರ ಬಾಯಿಯ ಕೆಳಗೆ ಚಾಚಿ, ಹಲ್ಲುಗಳ ನಡುವಿನಿಂದ ಆ ಬುಸ್ಸೆನ್ನುವ ಸದ್ದನ್ನು ಮಾಡಿದೆ. ಒಳಗೆಳೆದ ಉಸಿರು ಮುಗಿಯುವವರೆಗೆ ಮಾಡಿದೆ. ಆಚೀಚೆ ಟೇಬಲ್ಲಿನವರು ಕೆಲಸ ನಿಲ್ಲಿಸಿದರು. ಆ ಹೆಂಗಸು ಪೈಪನ್ನು ನೋಡಿದರು, ಕೈಯನ್ನು ನೋಡಿದರು, ಮತ್ತೆ ಪೈಪನ್ನು ನೋಡಿದರು. ಕಾಗದದಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು.

ಸಂಜೆ ಸೂಪರ್‌ವೈಸರ್ ಕರೆಸಿದರು. “ಮಾನ ಕಳೆದ್ಬಿಟ್ಯಲ್ಲಮ್ಮ!”

“ಯಾರದು, ಸಾರ್?”

ಇನ್ನು ಮುಂದೆ ಬಯ್ಯರ್ ಬಂದ ದಿನ ತೆಪ್ಪಗೆ ಬಟನ್ ಸ್ಟೋರಿಗೆ ಹೋಗಬೇಕು ಎಂದರು.

ಮುಂದಿನ ಸಲ ಬಯ್ಯರ್ ಬಂದ ದಿನ ನಾನು ಹೋಗಲಿಲ್ಲ.